ಮೂರನೆಯ ಮುಳುಗು

ಗಂಡ ನೀರಿಗೆ ಇಳಿದಾಗಲೆಲ್ಲ ಮರಿತಾಯಮ್ಮ ಕೆರೆಯ ಏರಿಯ ಮೇಲೆ ನಿಂತು ಉಸಿರು ಹಿಡಿಯುತ್ತಿದ್ದಳು. ಮದುವೆಯಾಗಿ ಬಂದ ವರ್ಷದಿಂದ ಇದೇ ಅಭ್ಯಾಸ. ಅವನ ತಲೆ ನೀರೊಳಗೆ ಹೋದ ಕೂಡಲೇ ಇವಳು ಬಾಯಿ ಮುಚ್ಚುವಳು. ತನ್ನ ಉಸಿರು ಮುಗಿಯುವ ಹೊತ್ತಿಗೆ ಅವನು ಮೇಲೆ ಬರಬೇಕು. ಬರುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ.

ಚಿಕ್ಕಬೋರಯ್ಯ ಆ ಊರಿನ ನೀರುಗಂಟಿ. ಕೆರೆಯ ತೂಬು ಬಿಚ್ಚುವುದು, ಕಟ್ಟುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಪಾಲು ಮಾಡುವುದು ಅವನ ಕೆಲಸ. ಅವನಪ್ಪನದೂ ಅದೇ, ತಾತನದೂ ಅದೇ. ಹನಕೆರೆ ಸ್ಟೇಷನ್ನಿನಿಂದ ಒಂದು ಹರದಾರಿ ಒಳಗಿದ್ದ ಊರು ಅದು. ಮಂಡ್ಯದ ಸುತ್ತಮುತ್ತ ನಾಲೆ ಬಂದು ಕಬ್ಬು ಎದ್ದಿತ್ತು. ಇಲ್ಲಿಗೆ ನಾಲೆ ಇನ್ನೂ ಬಂದಿರಲಿಲ್ಲ, ಕೆರೆಯೇ ಗತಿ. ಊರಿನ ಅಷ್ಟೂ ಭತ್ತದ ಗದ್ದೆ ಚಿಕ್ಕಬೋರಯ್ಯನ ಕೈಯಿಂದ ನೀರು ಕುಡಿಯುತ್ತಿತ್ತು. ಊರೊಳಗಿನ ಬಾವಿಯ ಹಗ್ಗವನ್ನು ಮಾತ್ರ ಆ ಕೈ ಮುಟ್ಟುವಂತಿರಲಿಲ್ಲ. ಮರಿತಾಯಮ್ಮ ಬಾವಿಯಿಂದ ದೂರ ಮಡಕೆ ಇಟ್ಟು, ಮೇಲಿನವರು ಯಾರಾದರೂ ಮನಸ್ಸು ಬಂದು ಎರಡು ಕೊಡ ಸುರಿಯುವವರೆಗೆ ಕಾಯುತ್ತಿದ್ದಳು. ಕಾದು ಕಾದು ಬರಿಯ ಮಡಕೆ ಹೊತ್ತು ಹಿಂದಿರುಗಿದ ದಿನಗಳೂ ಬೇಕಾದಷ್ಟಿದ್ದವು.

ತೂಬು ಎಂದರೆ ಕೆರೆಯೊಳಗೆ, ಏರಿಯಿಂದ ಹತ್ತು ಮಾರು ದೂರದಲ್ಲಿ ನಿಂತ ಎರಡು ಕಲ್ಲುಕಂಬ. ಕಂಬದ ಬುಡದಲ್ಲೊಂದು ಕಲ್ಲಿನ ತೊಟ್ಟಿ, ತೊಟ್ಟಿಯಲ್ಲೊಂದು ತೂತು, ತೂತಿಗೆ ಮರದ ಬೆಣೆ. ಬೆಣೆ ಕಿತ್ತರೆ ನೀರು ಏರಿಯ ಹೊಟ್ಟೆಯೊಳಗಿಂದ ಹಾದು ಆಚೆ ಬದಿಯ ಕಾಲುವೆಗೆ ಬೀಳುತ್ತದೆ. ಹಿಂದೆ ಬೆಣೆಗೆ ಉದ್ದನೆಯ ಗಳು ಇತ್ತು. ಕಂಬದ ಮೇಲಿನ ಅಡ್ಡಗಲ್ಲಿನಲ್ಲಿ ನಿಂತು ಗಳು ಎತ್ತಿದರೆ ಸಾಕು, ಬೆಣೆ ಮೇಲೆ ಬರುತ್ತಿತ್ತು. ಚಿಕ್ಕಬೋರಯ್ಯನ ಅಪ್ಪನ ಕಾಲದಲ್ಲಿ ಆ ಗಳು ಮುರಿಯಿತು. ಹೊಸದು ಮಾಡಲು ಒಂದು ಹೊನ್ನೆ ಮರ ಬೇಕಿತ್ತು. ಮರ ಇದ್ದದ್ದು ಪಟೇಲರ ಹೊಲದ ಬದುವಿನ ಮೇಲೆ.

“ನೀರುಗಂಟಿ ಅವ್ನಲ್ಲಾ, ಮುಳುಗಿ ಕೀಳ್ತಾನೆ. ಅದ್ಕೆ ಮರ ಯಾಕ್ಲಾ ಕಡೀಬೇಕು?” ಎಂದಿದ್ದರು ಆಗಿನ ಪಟೇಲರು.

ಮರ ಉಳಿಯಿತು. ಅಂದಿನಿಂದ ಅಪ್ಪ ಮುಳುಗಿದ, ಅಪ್ಪನ ಕಿವಿ ಹೋದ ಮೇಲೆ ಮಗ ಮುಳುಗಿದ. ಚಿಕ್ಕಬೋರಯ್ಯನ ಬಲಗಿವಿಯೂ ಕೇಳಿಸುತ್ತಿರಲಿಲ್ಲ. ಕಣ್ಣು ಸದಾ ಕೆಂಪಗೆ, ಬೆರಳಿನ ಸಂದಿಯಲ್ಲಿ ಮಾಯದ ಹುಣ್ಣು. ಈಗಿನ ಪಟೇಲ ಚಲುವೇಗೌಡ ಆ ಮರದ ನೆರಳಿನಲ್ಲಿ ಎತ್ತು ಕಟ್ಟುತ್ತಿದ್ದ.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಕೇರಿಗೆ ಉಪದೇಶಿ ಶಾಂತಪ್ಪ ಬರತೊಡಗಿದರು. ಮಿಷನ್ನಿನವರು. ಹನಕೆರೆಯಲ್ಲಿ ರೈಲಿಳಿದು, ಕೊಡೆ ಕಂಕುಳಲ್ಲಿಟ್ಟುಕೊಂಡು, ಚಪ್ಪಲಿಯ ತುಂಬ ಧೂಳು ತುಂಬಿಕೊಂಡು ನಡೆದು ಬರುವರು. ಮಳವಳ್ಳಿ ಕಡೆಯ ಕೇರಿಯಲ್ಲಿ ಹುಟ್ಟಿದವರು. ಅವರಪ್ಪ ಸತ್ತ ದನ ಹೊರುತ್ತಿದ್ದವನಂತೆ. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ.

ಮೊದಲ ದಿನ ಅವರು ಗುಡಿಸಲ ಮುಂದೆ ನಿಂತು, “ಚಿಕ್ಕಬೋರಯ್ಯನವರು ಇದ್ದಾರಾ?” ಎಂದರು. ಚಿಕ್ಕಬೋರಯ್ಯ ಹಿಂದೆ ಯಾರೋ ಗೌಡರು ಬಂದು ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಮರಿತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. ಅವತ್ತು ಇಡೀ ದಿನ ಅವಳು ಗಂಡನನ್ನು “ಏನ್ ಚಿಕ್ಕಬೋರಯ್ಯನೋರೇ, ಮುದ್ದೆ ಉಣ್ತೀರಾ?” ಎಂದು ಆಡಿಸಿದಳು. ಮಲಗುವ ಹೊತ್ತಿಗೆ ಅದೇ ಮಾತು ನೆನೆದು ಅತ್ತಳು. ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ.

ಉಪದೇಶಿಗಳು ಜಗಲಿಯ ಮೇಲೆ ಅವರ ಪಕ್ಕದಲ್ಲೇ ಕೂತು, ಅವರ ತಟ್ಟೆಯಲ್ಲೇ ಉಂಡರು. ಉಂಡ ಮೇಲೆ ಹೇಳಿದರು: “ಲೋಕದವರು ಹೊಲ ನೋಡ್ತಾರೆ, ಮನೆ ನೋಡ್ತಾರೆ, ಕುಲ ನೋಡ್ತಾರೆ. ದೇವರು ಅದನ್ನೆಲ್ಲ ಅತ್ತ ಸರಿಸಿ ಮನುಷ್ಯನನ್ನ ನೋಡ್ತಾನೆ. ನೀವು ಬೇಕು ಅಂತ ತನ್ನ ಮಗನ ಪ್ರಾಣವನ್ನೇ ಕೊಟ್ಟ ಅಂದ ಮೇಲೆ ನಿಮ್ಮ ಬೆಲೆ ಎಷ್ಟು ಅಂತ ನೀವೇ ಹೇಳಿ.”

ಚಿಕ್ಕಬೋರಯ್ಯ ಎಡಗಿವಿ ಅವರ ಕಡೆ ತಿರುಗಿಸಿ ಕೇಳಿದ. “ಅಂಗಾರೆ ನಾನು ಒಂದು ಒನ್ನೆ ಮರಕ್ಕಿಂತ ಎಚ್ಚಾ ಅಯ್ನೋರೇ?”

ಉಪದೇಶಿಗಳಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಮರಿತಾಯಮ್ಮನಿಗೆ ಆಯಿತು.

ಎರಡು ವರ್ಷ ಹೀಗೇ ಕಳೆಯಿತು. ಕೇರಿಯ ಹನ್ನೊಂದು ಮನೆಯಲ್ಲಿ ಮನಸ್ಸು ಕೊಟ್ಟು ಕೇಳಿದ್ದು ಇವರಿಬ್ಬರೇ. ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕೆಂಬ ಆಸೆ ಮೊದಲು ಹುಟ್ಟಿದ್ದೂ ಮರಿತಾಯಮ್ಮನಿಗೆ. ಅವರ ಮಿಷನ್ನಿನಲ್ಲಿ ನೀರೊಳಗೆ ಮೂರು ಸಲ ಪೂರಾ ಮುಳುಗಿಸುವುದು ರೂಢಿ. ಮಂಡ್ಯಕ್ಕೆ ಬನ್ನಿ ಎಂದರು ಉಪದೇಶಿಗಳು. ಚಿಕ್ಕಬೋರಯ್ಯ ಒಪ್ಪಲಿಲ್ಲ. “ನನ್ನ ಕೆರೆ ಬುಟ್ಟು ಇನ್ಯಾರದೋ ನೀರಲ್ಲಿ ನಾನ್ಯಾಕೆ ಮುಳುಗ್ಲಿ? ವುಟ್ಟಿದಾಗಿಂದ ಇದ್ರೊಳಗೇ ಅವ್ನಿ” ಎಂದ. ಎಂಥ ತಪ್ಪು ಮಾಡಿದ ಎಂದು ಮರಿತಾಯಮ್ಮ ಆಮೇಲೆ ಎಷ್ಟೋ ಸಲ ಹಲುಬಿದಳು. ಆಗ ಮಾತ್ರ ಅದು ಇಬ್ಬರಿಗೂ ಸರಿಯಾದ ಮಾತೆನಿಸಿತ್ತು.

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ, ಎಮ್ಮೆ ಮೈತೊಳೆಯುವ ಮೂಲೆಯಲ್ಲಿ ಮೂವರೂ ನೀರಿಗಿಳಿದರು. ಮೊದಲು ಮರಿತಾಯಮ್ಮ. ಉಪದೇಶಿಗಳು ಅವಳ ತಲೆಯ ಮೇಲೆ ಕೈಯಿಟ್ಟು ಒಂದೊಂದು ಹೆಸರು ಹೇಳಿ ಮೂರು ಸಲ ಮುಳುಗಿಸಿ ಎತ್ತಿದರು. ಅವಳ ಕಿವಿಗೆ ನೀರು ಹೊಕ್ಕು ಕೊನೆಯ ಹೆಸರು ಸರಿಯಾಗಿ ಕೇಳಿಸಲಿಲ್ಲ. ಕೇಳಿಸದಿದ್ದರೇನು, ಮೈಯೆಲ್ಲ ಹಗುರವಾಗಿತ್ತು. ಸೊಂಟದವರೆಗಿನ ನೀರಿನಲ್ಲಿ ಚಿಕ್ಕಬೋರಯ್ಯ ಕೈಮುಗಿದು ತನ್ನ ಸರದಿಗೆ ಕಾಯುತ್ತಿದ್ದ.

ಸರದಿ ಬರಲಿಲ್ಲ. ಏರಿಯ ಮೇಲಿನಿಂದ ಪಟೇಲನೂ ಅವನ ದಾಯಾದಿಗಳೂ ದೊಣ್ಣೆ ಹಿಡಿದು ಇಳಿದು ಬಂದರು. ಮೊದಲ ಏಟು ಉಪದೇಶಿಗಳ ಕಿವಿಯ ಮೇಲೆ ಬಿತ್ತು. ಕನ್ನಡಕ ನೀರಿಗೆ ಬಿತ್ತು. ಅವರನ್ನು ದಡದ ಮೇಲೆ ಎಳೆದು, ಊರ ಗಡಿಯವರೆಗೆ ಹೊಡೆಯುತ್ತಲೇ ಅಟ್ಟಿದರು. “ಕೆರೆ ಕೆಡಸ್ದ್ರಲ್ಲೋ ಒಲೆಮಕ್ಳಾ! ಇನ್ನೊಂದಪ ಈ ಊರಲ್ಲಿ ಕಂಡ್ರೆ ಕಾಲು ಮುರೀತೀನಿ!” ಎಂದು ಪಟೇಲ ಕಿರುಚುತ್ತಿದ್ದ.

ಮಾರನೆಯ ದಿನ ಕೆರೆಗೆ ಶುದ್ಧಿಯಾಯಿತು. ಪೂಜಾರಿ ಬಂದ. ಕಲಶ ಇಟ್ಟ. ಕೊಡ ಕೊಡ ಗಂಜಲ ಸುರಿದ. ಕೇರಿಯವರು ಅವತ್ತು ಗುಡಿಸಲು ಬಿಟ್ಟು ಹೊರಗೆ ಬರಕೂಡದು ಎಂದು ಸಾರಿದರು. ಮಧ್ಯಾಹ್ನ ಪಟೇಲನ ಎಮ್ಮೆಗಳು ಎಂದಿನಂತೆ ಅದೇ ಮೂಲೆಯಲ್ಲಿ ಇಳಿದು, ಅದೇ ನೀರಿನಲ್ಲಿ ಸಗಣಿ ಹಾಕಿ ಮಲಗಿದವು.

ಆಮೇಲೆ ಜೋರು ಮಳೆ ಬಂತು. ಹತ್ತು ವರ್ಷದಲ್ಲಿ ಕಾಣದಷ್ಟು ನೀರು. ಕೆರೆ ತುಂಬಿ ತೂಬಿನ ಕಂಬಗಳ ತಲೆಯಷ್ಟೇ ಮೇಲೆ ಉಳಿಯಿತು. ಒಟ್ಲಿನಲ್ಲಿ, ಎಂದರೆ ಸಸಿಮಡಿಯಲ್ಲಿ, ಪೈರು ನಾಟಿಗೆ ಬಂತು. ಗದ್ದೆಗೆ ನೀರು ಬಿಡಬೇಕು. ಪಟೇಲ ತಳವಾರನನ್ನು ಕಳಿಸಿ ಚಿಕ್ಕಬೋರಯ್ಯನನ್ನು ಚಾವಡಿಗೆ ಕರೆಸಿದ. ಗಂಡನ ಹಿಂದೆಯೇ ಹೋಗಿ ಮರಿತಾಯಮ್ಮ ಹುಣಸೆಮರದ ಬುಡದಲ್ಲಿ ನಿಂತಳು.

“ನಾಳೀಕೆ ತೂಬು ಬಿಚ್ಚು” ಎಂದ ಪಟೇಲ.

“ನಾನು ಇಳುದ್ರೆ ಕೆರೆ ಮೈಲ್ಗೆ ಆಯ್ತದೆ ಅಂದ್ರಲ್ಲ ಬುದ್ದಿ. ಇಳಿಯಕಿಲ್ಲ.”

ಆ ಮಾತನ್ನು ಅರಗಿಸಿಕೊಳ್ಳಲು ಚಾವಡಿಯವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಕೆಲ್ಸಕ್ಕೆ ಇಳುದ್ರೆ ಮೈಲ್ಗೆ ಇಲ್ಲ ಕಣ್ಲಾ” ಎಂದ ಪಟೇಲ, ದಡ್ಡನಿಗೆ ತಿಳಿಹೇಳುವ ದನಿಯಲ್ಲಿ. “ಜಾತಿ ಕೆಡಕ್ಕೆ ಇಳುದ್ರೆ ಮೈಲ್ಗೆ.”

“ಮೈ ಒಂದೇ ಅಲ್ವಾ ಬುದ್ದಿ? ನೀರೂ ಒಂದೇಯ.” ಚಿಕ್ಕಬೋರಯ್ಯ ಕೆರೆಯ ಕಡೆ ಕೈ ತೋರಿಸಿದ. “ಅಯ್ನೋರು ಬರ್ಲಿ. ಅಗಲೊತ್ನಲ್ಲಿ, ಎಲ್ಲಾರ ಕಣ್ಮುಂದೆ, ಆ ಕೆರೇಲಿ ನನ್ನ ಮೂರು ಸಲ ಮುಳುಗ್ಸಲಿ. ಎದ್ದ ತಕ್ಷಣ ತೂಬು ಬಿಚ್ಚಿಕೊಡ್ತೀನಿ. ಬೇರೇನೂ ಕೇಳಕಿಲ್ಲ.”

ಪಟೇಲ ಚಪ್ಪಲಿ ಎಸೆದ. ಅದು ಚಿಕ್ಕಬೋರಯ್ಯನ ಎದೆಗೆ ಬಡಿದು ಕೆಳಗೆ ಬಿತ್ತು. ಚಿಕ್ಕಬೋರಯ್ಯ ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ವಾಪಸು ತಂದುಕೊಡಬೇಕು, ಅದು ರೂಢಿ. ಅವನು ಎತ್ತಲಿಲ್ಲ. ಚಪ್ಪಲಿ ಅಲ್ಲೇ ಬಿದ್ದಿತ್ತು. ಒಂಟಿ ಚಪ್ಪಲಿ ಹಾಕಿಕೊಂಡು ಪಟೇಲ ಕೂತಿದ್ದ. ಮರಿತಾಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಹೆದರಿಕೆಯೂ ಹೆಮ್ಮೆಯೂ ಒಟ್ಟಿಗೆ ಬಂದಿತ್ತು ಅವಳಿಗೆ.

ಅವನ ತಲೆಯ ಮೇಲೆ ಬೀಸುವ ಕಲ್ಲಿನ ಒಂದು ಬಿಲ್ಲೆ ಹೊರಿಸಿ ಚಾವಡಿಯ ಮುಂದಿನ ಬಿಸಿಲಿನಲ್ಲಿ ನಿಲ್ಲಿಸಿದರು. ಮಧ್ಯಾಹ್ನದಿಂದ ದನ ಮನೆಗೆ ಬರುವ ಹೊತ್ತಿನವರೆಗೆ. ಕತ್ತು ಒಂದು ಕಡೆ ವಾಲಿದರೆ ತಳವಾರ ಕೋಲಿನಿಂದ ನೆಟ್ಟಗೆ ಮಾಡುತ್ತಿದ್ದ. ಅವನ ಪಂಚೆ ಒದ್ದೆಯಾದದ್ದು ಕಂಡು ಗೌಡರ ಹೆಂಗಸರು ಮುಖ ತಿರುಗಿಸಿ ಹೋದರು. ಹೇಳಲು ನಾಚಿಕೆಯಾಗಬೇಕು. ಅಲ್ಲಿ ಕೂತು ಎಲೆ ಹಾಕುತ್ತಿದ್ದ ಹತ್ತು ಜನರಲ್ಲಿ ಒಬ್ಬನಿಗೂ ಆಗಲಿಲ್ಲ. ಸಂಜೆ ಕಲ್ಲು ಇಳಿಸಿ, “ಈಗೇನಂತೀಯ?” ಎಂದು ಕೇಳಿದರು. ಚಿಕ್ಕಬೋರಯ್ಯನ ಬಾಯಲ್ಲಿ ಎಂಜಲಿರಲಿಲ್ಲ. ಇಲ್ಲ ಎಂದು ಕೈಯಾಡಿಸಿದ.

ಮರುದಿನದಿಂದ ಕೇರಿಗೆ ಊರು ಮುಚ್ಚಿತು. ಕೂಲಿ ಇಲ್ಲ. ಅಂಗಡಿಯಲ್ಲಿ ಉಪ್ಪಿಲ್ಲ. ಬಾವಿಯ ಹತ್ತಿರ ಮಡಕೆ ಇಡುವಂತಿಲ್ಲ. ಗೌಡರ ಹೊಲ ದಾಟದೆ ಕೇರಿಯಿಂದ ಎಲ್ಲಿಗೂ ಹೋಗುವಂತಿರಲಿಲ್ಲ, ಹೊಲ ದಾಟುವಂತಿಲ್ಲ. ಎಂಟು ದಿನ. ಮೊದಲ ಮೂರು ದಿನ ಕೇರಿಯವರು ಚಿಕ್ಕಬೋರಯ್ಯನ ಗುಡಿಸಲಿಗೆ ಬಂದು ಕತ್ತಿಗೆ ಬಿಸಿನೀರಿನ ಕಾವು ಕೊಟ್ಟರು. ಐದನೆಯ ದಿನ ಯಾರೂ ಬರಲಿಲ್ಲ. ಏಳನೆಯ ದಿನ ತಮ್ಮ ಕೆಂಪಯ್ಯ ಬಂದ. ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ.

“ಅಣ್ಣಾ, ನಿನ್ನ ದೇವ್ರಿಗೆ ಎಲ್ಲಾರೂ ಬೇಕು ಅಂದ್ಯಲ್ಲ. ನನ್ನ ಮಕ್ಳೂ ಬೇಕಲ್ವಾ ಅವ್ನಿಗೆ? ಅವು ಗೆಣಸಿನ ಬಳ್ಳಿ ಬೇಯಿಸ್ಕಂಡು ತಿಂತಾವೆ.”

ಮರಿತಾಯಮ್ಮ ಗಡಿಗೆಯ ತಳದಲ್ಲಿದ್ದ ಎರಡು ಹಿಡಿ ರಾಗಿ ಸೆರಗಿನಲ್ಲಿ ಕಟ್ಟಿ ಮೈದುನನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ. ಅವರ ಮುಖ ನೋಡದೆ ಹೋದ.

ಎಂಟನೆಯ ದಿನ ಬೆಳಿಗ್ಗೆ ಕೆಂಪಯ್ಯನ ಹೆಂಡತಿ ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ಪಟೇಲ ಕೆಂಪಯ್ಯನನ್ನು ಕರೆಸಿ, ಇನ್ನು ಮೇಲೆ ನೀನೇ ನೀರುಗಂಟಿ ಎಂದಿದ್ದಾನೆ. ನೀರುಗಂಟಿಗೆ ಊರು ಬಿಟ್ಟಿದ್ದ ತುಂಡು ಹೊಲವೂ ನಿನ್ನದೇ ಎಂದಿದ್ದಾನೆ. ಅವನು ಏರಿಯ ಮೇಲೆ ಹೋಗಿ ನಿಂತಿದ್ದಾನೆ.

ಚಿಕ್ಕಬೋರಯ್ಯ ಚಾಪೆಯಿಂದ ಎದ್ದ. ಕತ್ತು ಇನ್ನೂ ನೆಟ್ಟಗಾಗಿರಲಿಲ್ಲ. “ಅವ್ನಿಗೆ ಆ ತೂಬು ಗೊತ್ತಿಲ್ಲ ಕಣಮ್ಮೀ” ಎಂದಷ್ಟೇ ಹೇಳಿ ಓಡಿದ.

ಇಷ್ಟು ತುಂಬಿದ ಕೆರೆಯಲ್ಲಿ ಬೆಣೆ ಕಿತ್ತ ಕ್ಷಣ ನೀರು ಮನುಷ್ಯನನ್ನು ತೂತಿನ ಕಡೆ ಎಳೆಯುತ್ತದೆ. ಕಿತ್ತ ಕೂಡಲೇ ಎರಡು ಕಾಲನ್ನೂ ಕಲ್ಲಿಗೆ ಒದ್ದು ಹಿಂದಕ್ಕೆ ಚಿಮ್ಮಬೇಕು. ಒಂದು ಗಳಿಗೆ ತಡವಾದರೂ ಕೈ ಒಳಗೆ ಹೋಗುತ್ತದೆ. ಮರಿತಾಯಮ್ಮನಿಗೆ ಇದೆಲ್ಲ ಗಂಡ ಹೇಳಿ ಗೊತ್ತಿತ್ತು. ಕೆಂಪಯ್ಯನಿಗೆ ಈಜಷ್ಟೇ ಗೊತ್ತಿತ್ತು.

ಏರಿಯ ಮೇಲೆ ಊರೆಲ್ಲ ಸೇರಿತ್ತು. ಕೆಂಪಯ್ಯ ಪಂಚೆ ಬಿಚ್ಚಿಟ್ಟು ಲಂಗೋಟಿಯಲ್ಲಿ ನಿಂತಿದ್ದ. ಚಿಕ್ಕಬೋರಯ್ಯ ಹೋಗಿ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

“ಬುಡಣ್ಣ, ನನ್ನ ಮಕ್ಳು ಸಾಯ್ತಾವೆ” ಎಂದ ಕೆಂಪಯ್ಯ.

“ನೀನು ಸತ್ರೆ ಗೌಡ್ರಿಗೆ ಇನ್ನೊಬ್ಬ ನೀರುಗಂಟಿ ಸಿಕ್ತಾನೆ ಕಣ್ಲಾ. ನಂಗೆ ಇನ್ನೊಬ್ಬ ತಮ್ಮ ಸಿಕ್ಕಾಕಿಲ್ಲ. ಸರ್ಕೋ.”

ಪಟೇಲ ನಕ್ಕ. “ಬಂದಾ ದಾರಿಗೆ” ಎಂದ ಸುತ್ತಲಿದ್ದವರಿಗೆ. ಅವರೂ ನಕ್ಕರು. ಕಲ್ಲು ಹೊರಿಸಿ ಬಗ್ಗಿಸಲಾರದ್ದನ್ನು, ಹಸಿವಿನಲ್ಲಿ ಕೆಡವಿ ಬಗ್ಗಿಸಲಾರದ್ದನ್ನು, ಅವನಿಗೆ ತಮ್ಮನ ಮೇಲಿದ್ದ ಪ್ರೀತಿಯನ್ನೇ ಹಿಡಿದು ಬಗ್ಗಿಸಿದ್ದರು. ಅದು ಅವರಿಗೆ ಗೊತ್ತಾಯಿತೋ ಇಲ್ಲವೋ.

ಚಿಕ್ಕಬೋರಯ್ಯ ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಡುತ್ತ, ಅವಳೊಬ್ಬಳಿಗೇ ಕೇಳಿಸುವಂತೆ ಹೇಳಿದ. “ಅಮ್ಮೀ, ಮೂರು ಸಲ ಮುಳುಗ್ಬೇಕು. ಊಳು ಬಗೆಯಕ್ಕೆ ಒಂದಪ, ಬೆಣೆ ಅಲ್ಲಾಡ್ಸಕ್ಕೆ ಒಂದಪ, ಕೀಳಕ್ಕೆ ಒಂದಪ. ಅಯ್ನೋರು ನಿಂಗೆ ಏಳಿದ್ರಲ್ಲ ಆ ಮಾತ, ನೀನು ನಂಗೆ ಏಳು.”

“ನಾನಾ? ನಾನು ಎಂಗ್ಸು. ಓದ್ದೋಳಲ್ಲ, ಬರೆದೋಳಲ್ಲ. ನಾನು ಏಳಿದ್ರೆ ನಡೆದದಾ?”

“ಇಲ್ಲಿ ಇನ್ಯಾರವ್ರೆ ಏಳಕ್ಕೆ?” ಎಂದ. “ಜೋರಾಗಿ ಏಳು. ಎಡಗಿವಿ ಇತ್ತಾಗೆ ಮಾಡ್ಕತೀನಿ.”

ಅವನು ನೀರಿಗೆ ಇಳಿದು ಈಜಿಕೊಂಡು ಕಂಬದ ಹತ್ತಿರ ಹೋದ. ಕಂಬ ಹಿಡಿದು ಅವಳ ಕಡೆ ತಿರುಗಿದ. ಮರಿತಾಯಮ್ಮ ಏರಿಯ ಅಂಚಿಗೆ ಬಂದು ನಿಂತಳು. ಗಂಡನ ಅಂಗಿ ಎದೆಗೆ ಒತ್ತಿಕೊಂಡು ಕೂಗಿದಳು.

“ತಂದೆ ಎಸರಲ್ಲಿ!”

ಅವನು ಮುಳುಗಿದ. ಅವಳು ಉಸಿರು ಹಿಡಿದಳು. ಗೌಡರ ಪೈಕಿ ಯಾರೋ, “ಏನ್ಲಾ ಅದು, ಅಪ್ಪನ್ನ ಕರೀತಾವ್ಳೆ” ಎಂದು ತಮಾಷೆ ಮಾಡಿದರು. ಚಿಕ್ಕಬೋರಯ್ಯ ಮೇಲೆ ಬಂದು, ಎರಡು ಬೊಗಸೆ ಕಪ್ಪು ಹೂಳನ್ನು ದೂರ ಎಸೆದು, ಮತ್ತೆ ಅವಳ ಕಡೆ ನೋಡಿದ.

“ಮಗನ ಎಸರಲ್ಲಿ!”

ಈ ಸಲ ಹೆಚ್ಚು ಹೊತ್ತಾಯಿತು. ಅವಳ ಕಣ್ಣು ಕತ್ತಲೆಗಟ್ಟುವ ಹೊತ್ತಿಗೆ ತಲೆ ಕಾಣಿಸಿತು. ಮೂಗಿನಲ್ಲಿ ರಕ್ತ ಇಳಿಯುತ್ತಿತ್ತು. ಕಂಬ ತಬ್ಬಿಕೊಂಡು ಏದುಸಿರು ಬಿಟ್ಟ. ಆಮೇಲೆ ಎಡಗಿವಿ ಏರಿಯ ಕಡೆ ತಿರುಗಿಸಿ ಕಾದ.

ಮರಿತಾಯಮ್ಮ ಬಾಯಿ ತೆರೆದಳು. ಮೂರನೆಯ ಹೆಸರು ಬರಲಿಲ್ಲ.

ಎಷ್ಟು ತಡಕಿದರೂ ಬರಲಿಲ್ಲ. ನಾಲಿಗೆಯ ಮೇಲೆ ಏನೂ ಇರಲಿಲ್ಲ. “ಏನ್ ಕಾಯ್ತಾ ಇದ್ದೀಯ್ಲಾ, ಬೇಗ ಕೀಳು!” ಎಂದು ಪಟೇಲ ಅರಚಿದ. ಚಿಕ್ಕಬೋರಯ್ಯ ಕಾಯುತ್ತಲೇ ಇದ್ದ. ಕೊನೆಗೆ ಅವಳು ಅಳುತ್ತ ಕೂಗಿದಳು.

“ಇನ್ನೊಬ್ರು ಅವ್ರಲ್ಲಾ, ಅವ್ರ ಎಸರಲ್ಲಿ!”

ಅವನು ತಲೆಯಾಡಿಸಿದ. ಸಾಕು ಎನ್ನುವ ಹಾಗೆ. ಮುಳುಗಿದ.

ಏರಿಯ ಹಿಂದುಗಡೆ ನೀರು ಭೋರೆಂದು ಬಿತ್ತು. “ಬಂತು! ಬಂತು!” ಎಂದು ಊರಿಗೆ ಊರೇ ಆಚೆ ಬದಿಗೆ ಇಳಿದು ಓಡಿತು. ಯಾರ ಗದ್ದೆಗೆ ಮೊದಲು ಎಂಬ ಜಗಳ ಆಗಲೇ ಶುರುವಾಯಿತು. ಈಚೆ ಬದಿಯಲ್ಲಿ ಮರಿತಾಯಮ್ಮ, ಕೆಂಪಯ್ಯ, ಕೆಂಪಯ್ಯನ ಹೆಂಡತಿ, ಮೂವರೇ ಉಳಿದರು. ಕಂಬದ ಬುಡದಲ್ಲಿ ನೀರು ಸುಳಿ ಸುತ್ತುತ್ತಿತ್ತು.

ಅವಳ ಉಸಿರು ಮುಗಿಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳದು ಮೊದಲು ಮುಗಿಯಿತು. ಇನ್ನೊಂದು ಉಸಿರು ಹಿಡಿದಳು. ಅದೂ ಮುಗಿಯಿತು.

ಕೆಂಪಯ್ಯ ಧುಮುಕಿದ. ಎದ್ದು ಬಂದವನ ಮುಖ ಬೂದಿಯಾಗಿತ್ತು. “ಅತ್ಗೇ, ಅಣ್ಣನ ಕೈ ತೂತೊಳಕ್ಕೆ ಓಗದೆ. ಭುಜದ ಗಂಟ. ಎಳುದ್ರೆ ಬರಕಿಲ್ಲ. ನೀರು ಬುಡ್ತಾ ಇಲ್ಲ.”

ಮರಿತಾಯಮ್ಮ ಏರಿ ದಾಟಿ ಓಡಿದಳು. ಪಟೇಲನ ಕಾಲಿಗೆ ಬಿದ್ದಳು. ಮುಟ್ಟಬಾರದ ಕಾಲು ಎಂಬುದು ನೆನಪಾಗಲಿಲ್ಲ. “ಬುದ್ದೀ, ಇತ್ಲಾಗಿಂದ ಉಲ್ಲು ಮಣ್ಣು ತುಂಬಿ ತೂಬಿನ ಬಾಯಿ ಮುಚ್ಸಿ. ನೀರು ನಿಂತ್ರೆ ಕೈ ಸಡ್ಲ ಆಯ್ತದ. ನಿಮ್ಮ ದಮ್ಮಯ್ಯ, ಬೇಗ ಮುಚ್ಸಿ.”

ಪಟೇಲ ಕಾಲು ಹಿಂದಕ್ಕೆಳೆದುಕೊಂಡ. ತನ್ನವರ ಮುಖ ನೋಡಿದ. “ಈಪಾಟಿ ಕೆರೆ ತುಂಬಿರುವಾಗ ಇತ್ತಗಿಂದ ಮುಚ್ಚುದ್ರೆ ನೀರು ಏರಿಯೊಳಕ್ಕೆ ನುಗ್ತದೆ. ಏರಿ ಒಡುದ್ರೆ ಯಾರ್ ಜವಾಬ್ದಾರಿ?” ಎಂದ. ಅದು ನಿಜವೋ ಸುಳ್ಳೋ ಹೇಳಬಲ್ಲವನು ಊರಿನಲ್ಲಿ ಒಬ್ಬನೇ ಇದ್ದ. ಅವನು ನೀರೊಳಗಿದ್ದ. ಪಟೇಲ ಕಾಲುವೆಯ ಕಡೆ ತಿರುಗಿ, ಮೆತ್ತಗೆ ಇನ್ನೊಂದು ಮಾತು ಸೇರಿಸಿದ. “ವೋದೋನು ವೋದ. ಒಟ್ಲು ಬಲ್ತು ಓಯ್ತಾ ಅದೆ. ಗದ್ದೆ ನೆನೀಲಿ, ಆಮ್ಯಾಕೆ ನೋಡಮ.”

ಗದ್ದೆ ನೆನೆಯಲು ಮೂರು ದಿನ ಬೇಕಾಯಿತು.

ಆ ಮೂರು ದಿನವೂ ಮರಿತಾಯಮ್ಮ ಏರಿಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಗಂಡನ ಅಂಗಿ, ಅವನು ಮೇಲೆ ಬಂದರೆ ಉಡಲು ಮಡಿಸಿಟ್ಟ ಒಣ ಪಂಚೆ. ಕೆಂಪಯ್ಯ ಹಗಲೆಲ್ಲ ಮುಳುಗಿ ಮುಳುಗಿ ಎಳೆದ. ಅಣ್ಣ ಬರಲಿಲ್ಲ. ಏರಿಯ ಕೆಳಗೆ ನಾಟಿ ಶುರುವಾಯಿತು. ಕೇರಿಗೆ ಊರು ತೆರೆದಿತ್ತು. ಕೂಲಿಗೆ ಕರೆ ಬಂದಿತ್ತು. ಎಂಟು ದಿನ ಹಸಿದ ಹೆಂಗಸರು ಮೊಣಕಾಲಿನವರೆಗಿನ ಕೆಸರಿನಲ್ಲಿ ಬಗ್ಗಿ ಪೈರು ನೆಡುತ್ತಿದ್ದರು. ಯಾರೂ ತಲೆ ಎತ್ತಿ ಏರಿಯ ಕಡೆ ನೋಡಲಿಲ್ಲ. ನಾಟಿಯಲ್ಲಿ ಹಾಡುವುದು ಪದ್ಧತಿ. ಆ ವರ್ಷ ಹಾಡಲಿಲ್ಲ. ಅಷ್ಟೇ ಅವರ ಕೈಲಾದದ್ದು.

“ಒಸಿ ಗಂಜಿನಾರ ಕುಡಿ ಅತ್ಗೆ” ಎಂದ ಕೆಂಪಯ್ಯ ಎರಡನೆಯ ಸಂಜೆ.

“ನಾಳೀಕೆ ಮೂರ್ನೇ ದಿನ ಅಲ್ವಾ?” ಎಂದಳು. “ಸತ್ತೋನು ಮೂರ್ನೇ ದಿನಕ್ಕೆ ಎದ್ದು ಬಂದ ಅಂತ ಅಯ್ನೋರು ಏಳ್ತಿರ್ನಿಲ್ವಾ? ನೋಡಮ.”

ಕೆಂಪಯ್ಯ ಗಂಜಿಯ ಕುಡಿಕೆಯನ್ನು ಅವಳ ಪಕ್ಕದಲ್ಲಿಟ್ಟು ಮತ್ತೆ ನೀರಿಗೆ ಇಳಿದ.

ಮೂರನೆಯ ದಿನ ಮಧ್ಯಾಹ್ನ ಅವನು ಮೇಲೆ ಬಂದ. ಹೆಣ ಮೂರನೆಯ ದಿನಕ್ಕೆ ತೇಲುತ್ತದೆ, ಕೆರೆ ದಡದವರಿಗೆಲ್ಲ ಗೊತ್ತಿರುವ ವಿಷಯ. ನೀರು ಇಳಿದು ಸೆಳೆತ ಕಡಿಮೆಯಾಗಿತ್ತು, ಕೈ ಬಿಟ್ಟಿತ್ತು. ಮರಿತಾಯಮ್ಮನಿಗೂ ಗೊತ್ತಿತ್ತು. ಆದರೂ ಪಂಚೆಯ ಮಡಿಕೆ ಬಿಡಿಸಿಕೊಂಡು ನೀರಿಗೆ ಇಳಿದಳು. ಹತ್ತಿರ ಬರುವವರೆಗೂ ಕಣ್ಣು ತೆರೆಯಬಹುದು ಎಂದು ನೋಡಿದಳು. ಕಣ್ಣಿದ್ದ ಕಡೆ ಮೀನು ತಿಂದಿದ್ದವು.

ಅವಳೂ ಕೆಂಪಯ್ಯನೂ ಹೆಣವನ್ನು ದಡಕ್ಕೆ ಎಳೆದರು. ಗದ್ದೆ ನೋಡಲು ಬಂದ ಪಟೇಲ ಏರಿಯ ಮೇಲೆ ನಿಂತಿದ್ದ. ಜೊತೆಯಲ್ಲಿ ನಾಲ್ಕು ಜನ ಗೌಡರಿದ್ದರು. ಮರಿತಾಯಮ್ಮ ಒದ್ದೆ ಸೀರೆಯಲ್ಲೇ ಅವರ ಮುಂದೆ ಹೋಗಿ ನಿಂತಳು. ತಲೆಯ ಮೇಲೆ ಸೆರಗಿರಲಿಲ್ಲ.

“ಶುದ್ಧಿ ಯಾವತ್ತು ಗೌಡಾ?”

ಬುದ್ದೀ ಎನ್ನಲಿಲ್ಲ. ಅದು ಎಲ್ಲರಿಗೂ ಕೇಳಿಸಿತು.

“ಅವತ್ತು ಬದುಕಿದ್ದೋನು ಸೊಂಟದ ಗಂಟ ಇಳಿದಿದ್ಕೆ ಕೊಡ ಕೊಡ ಗಂಜಲ ಉಯ್ಸಿದೆ. ಈಗ ಮೂರು ದಿನ ಅದ್ರೊಳಗೆ ಕೊಳ್ತವ್ನೆ. ಆ ನೀರೇ ನಿನ್ನ ಗದ್ದೇಲಿ ನಿಂತದೆ. ಅದ್ರ ಅನ್ನವೇ ನೀನು ಉಣ್ಣೋದು, ನಿನ್ನ ಎಡ್ತಿ ಮಕ್ಳು ಉಣ್ಣೋದು. ಏಳು, ಶುದ್ಧಿ ಯಾವತ್ತು?”

“ಅರಿಯೋ ನೀರಿಗೆ ಮೈಲ್ಗೆ ಇಲ್ಲ. ಓಗು, ಮಣ್ಣು ಮಾಡೋಗು” ಎಂದ ಪಟೇಲ. ಅವಳ ಮೇಲೆ ಕೈಯೆತ್ತಲಿಲ್ಲ. ಅವಳನ್ನು ನೋಡಲೂ ಇಲ್ಲ. ಅವನ ಬೆನ್ನಿಗೆ ಅವಳು ಇನ್ನೂ ಎರಡು ಸಲ ಅದನ್ನೇ ಕೇಳಿದಳು. ಬೆನ್ನು ಏರಿಯ ಇಳಿಜಾರಿನಲ್ಲಿ ಇಳಿದು ಹೋಯಿತು.

ಸುದ್ದಿ ತಿಳಿದು ಉಪದೇಶಿಗಳು ಸಂಜೆ ಬಂದರು. ಕನ್ನಡಕವಿರಲಿಲ್ಲ. ದಾರಿ ತಡಕುತ್ತ, ಪ್ರಾಣ ಅಂಗೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಗುಂಡಿಯ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಮಣ್ಣು ಮುಚ್ಚಿದ ಮೇಲೆ ಮರಿತಾಯಮ್ಮ ನಡೆದದ್ದನ್ನೆಲ್ಲ ಹೇಳಿ ಕೇಳಿದಳು.

“ಮೂರ್ನೇ ಎಸರು ನಾನು ಮರ್ತೆ ಅಯ್ನೋರೇ. ಅದ್ಕೇ ಅವ್ನು ಮೇಲಕ್ಕೆ ಬರ್ನಿಲ್ವಾ?”

“ಇಲ್ಲ ತಾಯಿ, ಇಲ್ಲ.” ಉಪದೇಶಿಗಳು ಅಳುತ್ತಿದ್ದರು. “ದೇವರು ಹಾಗೆ ಮಾಡೋನಲ್ಲ.”

“ಅಂಗಾರೆ ಅವ್ನು ದೇವ್ರ ಮಗ ಆದ ತಾನೆ? ಸಬೆ ಪುಸ್ತಕ್ದಲ್ಲಿ ಅವ್ನ ಎಸರು ಬರೀತೀರಾ? ಚಿಕ್ಕಬೋರಯ್ಯನೋರು ಅಂತ ಬರೀರಿ.”

ಉಪದೇಶಿಗಳು ಕಣ್ಣೊರೆಸಿಕೊಂಡರು. “ನನ್ನ ಮನಸ್ಸು ಹೌದು ಅನ್ನುತ್ತೆ ತಾಯಿ. ಆದರೆ ಪುಸ್ತಕ ನನ್ನ ಕೈಲಿಲ್ಲ. ಮಿಷನ್ನಿನ ಬಿಳಿ ದೊರೆಗಳನ್ನ ಕೇಳಬೇಕು.”

“ಇಲ್ಲೂ ಒಬ್ಬ ದೊರೆಯ ಕೇಳ್ಬೇಕಾ?” ಎಂದಳು ಮರಿತಾಯಮ್ಮ.

ಅವರು ಕೇಳಿ ಬರುತ್ತೇನೆ ಎಂದು ಹೋದರು. ದೊರೆಗಳು ಬೆಟ್ಟದ ಊರಿಗೆ ಹೋಗಿದ್ದಾರೆ, ಬಂದ ಮೇಲೆ ಕೇಳುತ್ತೇನೆ ಎಂದು ಆಮೇಲೆ ಹೇಳಿ ಕಳಿಸಿದರು.

ಹದಿನೈದು ದಿನ ಕಳೆದು ನಾಟಿ ಹಸಿರಾಯಿತು. ಹೆಣ ತೆಗೆದ ದಿನ ಕೆಂಪಯ್ಯ ಮುಳುಗಿ ಕಟ್ಟಿದ್ದ ತೂಬನ್ನು ಮತ್ತೆ ಬಿಚ್ಚಬೇಕಿತ್ತು. ಮುಳುಗುವವರು ಯಾರೂ ಉಳಿದಿರಲಿಲ್ಲ. ಕೆಂಪಯ್ಯ, ಹೊಲ ಬೇಡ, ಜೀವ ಹೋದರೂ ಇನ್ನು ಮುಳುಗಲಾರೆ ಎಂದಿದ್ದ. ಪಟೇಲ ಎರಡು ದಿನ ಯೋಚಿಸಿ ಹೊನ್ನೆ ಮರ ಕಡಿಸಿದ. ಬಡಗಿ ಒಂದೇ ದಿನದಲ್ಲಿ ಗಳು ಕೆತ್ತಿದ, ಬೆಣೆಯನ್ನು ಮೇಲಿನಿಂದಲೇ ಹಿಡಿಯುವ ಕಬ್ಬಿಣದ ಕೊಕ್ಕೆಯನ್ನು ಅದರ ತುದಿಗೆ ಹೊಡೆದ. ಗಳು ಎತ್ತಲು ಪಟೇಲ ಕೆಂಪಯ್ಯನನ್ನೇ ನಿಲ್ಲಿಸಿದ. ಮೂರು ಮಕ್ಕಳ ತಂದೆ, ನಿಂತ.

ಅವತ್ತು ಬೆಳಿಗ್ಗೆ ತಳವಾರ ಕಳೆ ಕೀಳಲು ಹೆಂಗಸರನ್ನು ಕೂಗುತ್ತ ಬಂದ. “ಬರಕಿಲ್ಲ” ಎಂದಳು ಮರಿತಾಯಮ್ಮ. “ಉಣ್ಣಕ್ಕೇನ್ ಮಾಡೀಯೆ?” ಎಂದ. ಅವಳು ಏರಿ ಹತ್ತಿ, ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತಳು.

ಕೆಂಪಯ್ಯ ಕಂಬದ ಅಡ್ಡಗಲ್ಲಿನ ಮೇಲೆ ನಿಂತಿದ್ದ. ಅವನ ಪಂಚೆ ಒಣಗಿಯೇ ಇತ್ತು. ಅವನು ಎರಡೂ ಕೈಯಲ್ಲಿ ಗಳು ಹಿಡಿದದ್ದು ಕಂಡ ಕೂಡಲೇ ಮರಿತಾಯಮ್ಮ ಬಾಯಿ ಮುಚ್ಚಿ ಉಸಿರು ಹಿಡಿದಳು. ಮೂವತ್ತು ವರ್ಷದ ಅಭ್ಯಾಸ.

ಗಳು ಮೇಲೆ ಬಂತು. ಏರಿಯ ಹಿಂದೆ ನೀರು ಬಿದ್ದ ಸದ್ದು ಕೇಳಿಸಿತು. ಕೆಲಸ ಮುಗಿಯಿತು.

ಅವಳ ಅರ್ಧ ಉಸಿರೂ ಖರ್ಚಾಗಿರಲಿಲ್ಲ.